ನದಿಯ ಬಾಗಿಲು ಯಾವ ಊರಿನದು?

ಇದು ನಿಜವಾಗಿ ನಡೆದದ್ದು. ನಡೆದದ್ದಕ್ಕಿಂತ ಎಡವಿದ್ದೇ ಹೆಚ್ಚು, ಅದೂ ನನ್ನ ಸೋದರಮಾವನ ಜೊತೆ.

ಮಾವನದು ಗಡಿಯಾರ ರಿಪೇರಿ ಅಂಗಡಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಅರ್ಧ ಸೆಕೆಂಡಿನ ತಪ್ಪನ್ನೂ ಸಹಿಸದ ಮನುಷ್ಯ. ಅದೇ ಮನುಷ್ಯ ಹಳೆಯ ಹೀಬ್ರೂ ಪ್ರವಾದಿಗಳನ್ನು ಓದಲು ಕೂತರೆ ಎರಡೂವರೆ ಸಾವಿರ ವರ್ಷಗಳನ್ನು ನುಂಗಿ ನೀರು ಕುಡಿಯುತ್ತಿದ್ದ. ಪ್ರವಾದಿ ಮಿಡತೆ ಎಂದರೆ ಹೆಲಿಕಾಪ್ಟರ್, ರಥ ಎಂದರೆ ಮೋಟಾರು ಕಾರು. ನಾನು ಕಾಲೇಜಿನಲ್ಲಿ ಆ ಪ್ರವಾದಿಗಳ ಕಾಲದ ಇತಿಹಾಸವನ್ನೇ ಪಾಠ ಮಾಡುವವನು. ಮನೆಯಲ್ಲಿ ಮಾತ್ರ ನನ್ನ ಪಾಠಕ್ಕೆ ಹಾಜರಾತಿ ಸೊನ್ನೆ.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ನರ್ಸ್ ಆಗಿದ್ದ ಅತ್ತೆಗೆ ನದಿಯಾಚೆಯ ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿನ ಮುಖ್ಯಸ್ಥೆಯ ಕೆಲಸ ಸಿಕ್ಕಿತು. ಸೋಮವಾರ ಬೆಳಿಗ್ಗೆ ಸೇರದಿದ್ದರೆ ಅದು ಇನ್ನೊಬ್ಬರ ಪಾಲು. ಆಚೆ ಹೋಗಲು ಇರುವುದು ಒಂದೇ ಸೇತುವೆ. ಸರಿಯಾಗಿ ಆ ವಾರವೇ ಮಾವ ನಹೂಮನೆಂಬ ಪ್ರವಾದಿಯನ್ನು ಹಿಡಿದು ಕೂತಿದ್ದ. ನದಿಯ ಬಾಗಿಲು ತೆರೆದು ಅರಮನೆ ಕುಸಿಯುವ ಮಾತು ಬರುತ್ತದಲ್ಲ, ಅಲ್ಲಿಗೆ ಬಂದು ಕಚ್ಚಿಕೊಂಡ.

“ಮೇಲ್ಗಡೆ ಅಣೆಕಟ್ಟಿದೆ, ಅದಕ್ಕೆ ಗೇಟಿದೆ. ನಹೂಮ ಹೇಳಿದ ಬಾಗಿಲು ಅದೇ, ತೆರೆದ್ರೆ ಸೇತುವೆ ಕೊಚ್ಚಿಹೋಗುತ್ತೆ. ಇನ್ನೇನು ಬೇಕು? ಯಾರೂ ಸೇತುವೆ ದಾಟೋ ಹಾಗಿಲ್ಲ. ಇವಳು ದಾಟಿದ್ರೆ ನಾನೂ ಹೋಗಿ ಸೇತುವೆ ಮೇಲೆ ಕೂರ್ತೀನಿ. ಮುಳುಗಿದ್ರೆ ಇಬ್ರೂ ಮುಳುಗೋಣ.”

ಭಾನುವಾರ ಮಧ್ಯಾಹ್ನ ನಾನು ಹೋದಾಗ ಅತ್ತೆ ಇಸ್ತ್ರಿಯಾದ ಸಮವಸ್ತ್ರಕ್ಕೇ ಮತ್ತೆ ಇಸ್ತ್ರಿ ಹಾಕುತ್ತಿದ್ದಳು. “ನೀನಾದ್ರೂ ಹೇಳಪ್ಪ. ಮೊದಲ್ನೇ ದಿನವೇ ಗಂಡನ್ನ ಸೇತುವೆಯಿಂದ ಎಬ್ಬಿಸ್ಕೊಂಡು ಡ್ಯೂಟಿಗೆ ಹೋಗ್ಲಾ ನಾನು?”

ಹೇಳಿದೆ. “ಮಾವ, ಅದು ನಿನೆವೆ ಪಟ್ಟಣದ ಮಾತು, ಅಸ್ಸೀರಿಯದ ರಾಜಧಾನಿ. ಯೆಹೂದ ಅನ್ನೋ ಪುಟ್ಟ ರಾಜ್ಯದ ಕತ್ತಿನ ಮೇಲೆ ಕೂತು ಕಪ್ಪ ಕಿತ್ಕೊಳ್ತಿದ್ರು ಅವರು. ನಿಮ್ಮನ್ನ ತುಳಿಯೋವ್ನೂ ಒಂದಿನ ಬೀಳ್ತಾನೆ, ಧೈರ್ಯವಾಗಿರಿ ಅಂತ ನಹೂಮ ತನ್ನ ಜನಕ್ಕೆ ಹೇಳಿದ್ದು. ಆ ಪಟ್ಟಣ ಬಿದ್ದೂ ಆಯ್ತು, ಮಣ್ಣು ಮುಚ್ಚಿದ್ದೂ ಆಯ್ತು.”

“ಬಿತ್ತಲ್ಲ? ಹಾಗಾದ್ರೆ ಇದೂ ಬೀಳುತ್ತೆ.”

“ಇದು ಅದಲ್ಲ ಮಾವ!”

“ಅಲ್ಲ ಅಂತ ಎಲ್ಲಿ ಬರೆದಿದೆ?”

ನಕ್ಷೆ ತೋರಿಸಿದೆ. ನಕ್ಷೆಯಲ್ಲೂ ನದಿ ಇದೆಯೆಂದು ಅವನಿಗೇ ಬಲ ಬಂತು. ಗೋಡೆಗೆ ತಲೆ ಚಚ್ಚಿಕೊಂಡರೆ ಗೋಡೆಯಾದರೂ ಚೂರು ಸುಣ್ಣ ಉದುರಿಸುತ್ತದೆ. ಮಾವ ಅದನ್ನೂ ಉದುರಿಸಲಿಲ್ಲ. ಅತ್ತೆಯ ಇಸ್ತ್ರಿಪೆಟ್ಟಿಗೆ ಮೇಜಿಗೆ ಬಡಿಯುವ ಸದ್ದು ಜೋರಾಗುತ್ತಲೇ ಹೋಯಿತು.

ನನಗೆ ರೇಗಿಹೋಯಿತು. ರೇಗಿದಾಗ ನನ್ನ ಗಂಟಲು ನನ್ನ ಮಾತು ಕೇಳುವುದಿಲ್ಲ, ಇನ್ನೊಬ್ಬರ ದನಿ ತಂದುಕೊಳ್ಳುತ್ತದೆ. ಈ ಸಲ ಬಂದದ್ದು ಮಾವ ದಿನಾ ಕೇಳುವ ರೇಡಿಯೋ ಬೋಧಕರ ಕಂಚಿನ ಕಂಠ.

“ಪ್ರವಾದನೆಯ ಹೊಸದೊಂದು ತುಣುಕು ಸಿಕ್ಕಿದೆ, ಕೇಳು,” ಎಂದು ಶುರುಮಾಡಿದೆ. “ಅಯ್ಯೋ, ಎತ್ತರದಲ್ಲಿ ವಾಸಿಸುವವನೇ! ನಿನ್ನ ನೆತ್ತಿ ತಾಮ್ರದಂತೆ ಹೊಳೆಯುತ್ತದೆ. ನೀನು ಬುಗ್ಗೆಯನ್ನು ತೆರೆದೆ, ಮುಚ್ಚದೆ ನಿದ್ರಿಸಿದೆ. ಜಲವು ಹೊಸ್ತಿಲು ದಾಟಿತು. ಕೆಳಗಿನ ಸೀಮೆಯವರು ಪಾತ್ರೆ ಹಿಡಿದು ಗೋಳಾಡಿದರು. ನಿನ್ನ ಪಾದರಕ್ಷೆಗಳು ಹಡಗುಗಳಂತೆ ತೇಲಿಹೋದವು!”

ಮಾವ ನೆಟ್ಟಗೆ ಕೂತ. “ಎತ್ತರ ಅಂದ್ರೆ ಉತ್ತರದ ದೊಡ್ಡ ದೇಶ. ಹೊಳೆಯೋ ನೆತ್ತಿ, ಕ್ಷಿಪಣಿ. ಬುಗ್ಗೆ, ಎಣ್ಣೆಬಾವಿ. ಪಾದರಕ್ಷೆ ಅಂದ್ರೆ ನೌಕಾಪಡೆ ಕಣೋ!”

“ಆ ದೊರೆ ಎಂಥವನು?”

“ಕಡು ಅವಿವೇಕಿ! ಕೆಳಗೆ ಜನ ಮುಳುಗ್ತಿದ್ರೆ ಮಲಗ್ತಾನಾ? ಸಿಂಹಾಸನದಿಂದ ಎಳೆದು ಬೀದಿಗೆ ಹಾಕ್ಬೇಕು!”

ಇಸ್ತ್ರಿಯ ಸದ್ದು ನಿಂತಿತು. “ರೀ,” ಎಂದಳು ಅತ್ತೆ, “ಹೋದ ತಿಂಗಳು ಬಚ್ಚಲಿನ ನಲ್ಲಿ ಬಿಟ್ಟು ಮಲಗಿದ್ರಲ್ಲ. ಕೆಳಗಿನ ಮನೆ ಟೈಲರ್ ಬಕೆಟ್ ಹಿಡ್ಕೊಂಡು ಓಡಿ ಬಂದ್ರಲ್ಲ. ನಿಮ್ಮ ಚಪ್ಪಲಿ ಎಲ್ಲಿ ಸಿಕ್ತು?”

“ಮೆಟ್ಟಿಲ ಹತ್ರ...” ಎಂದ ಮಾವ. ಕೈ ತಾನಾಗಿ ಬೋಳುತಲೆಗೆ ಹೋಯಿತು.

“ಗೊತ್ತಿದ್ದವರಿಗೆ ಇದು ನಿಮ್ಮ ಬಚ್ಚಲು,” ಎಂದೆ, ಸಿಟ್ಟು ಇನ್ನೂ ಇಳಿದಿರಲಿಲ್ಲ. “ಯಾರು, ಯಾವಾಗ, ಯಾರಿಗೆ ಹೇಳಿದ್ದು ಅಂತ ಕೇಳದವರಿಗೆ ಮಹಾಯುದ್ಧ. ಅತ್ತೆಗೆ ಈ ಬಚ್ಚಲು ಗೊತ್ತಿರೋ ಹಾಗೆ ಯೆಹೂದದ ಜನಕ್ಕೆ ನಿನೆವೆ ಗೊತ್ತಿತ್ತು ಮಾವ. ಅವರ ಗೋಳು ಅವರದು. ಅದನ್ನ ಕಿತ್ತು ತಂದು ಅತ್ತೆ ಕಾಲಿಗೆ ಯಾಕೆ ಕಟ್ತೀಯ?”

ಮಾವ ಓದುತ್ತಿದ್ದ ಪುಸ್ತಕ ಮುಚ್ಚಿಟ್ಟ. “ಹಾಗಾದ್ರೆ ನಹೂಮ ನಮ್ಮ ಸೇತುವೆ ಕಂಡೇ ಇಲ್ಲ.”

“ಕಂಡಿಲ್ಲ.”

ಅವನು ಅತ್ತೆಯತ್ತ ತಿರುಗಿದ. “ಎಷ್ಟೊತ್ತಿಗೆ ಹೊರಡ್ಬೇಕು?”

“ಏಳಕ್ಕೆ.”

“ಆರೂಮುಕ್ಕಾಲಿಗೇ ಹೊರಡು. ಮೊದಲ್ನೇ ದಿನ ಲೇಟಾಗಬಾರ್ದು.”

ಅತ್ತೆ ಇಸ್ತ್ರಿಪೆಟ್ಟಿಗೆಯ ವೈರು ಕಿತ್ತಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಮಾವನ ಹೊಟ್ಟೆ ಕುಲುಕತೊಡಗಿತು.

“ಬೀದಿಗೆ ಹಾಕ್ಬೇಕು ಅಂದ್ನಲ್ಲೇ ನಾನು! ನನ್ನನ್ನೇ!” ಎಂದು ನೆತ್ತಿಗೆ ಪಟಪಟ ಬಡಿದುಕೊಂಡ. ಅತ್ತೆ ನಕ್ಕಳು, ಕೊನೆಗೆ ನಾನೂ ನಕ್ಕೆ. ಆದರೆ ಅವನ ನಗುವಿನ ಅಬ್ಬರದಲ್ಲಿ ನಮ್ಮಿಬ್ಬರ ನಗು ನಮಗೇ ಕೇಳಿಸಲಿಲ್ಲ.