ಮಂಜುಗಡ್ಡೆಯ ಕೆಳಗಿನ ಹಾರೆ

ನಾನೊಂದು ಕಬ್ಬಿಣದ ಹಾರೆ. ಕಾರ್ಖಾನೆಯೊಂದರಲ್ಲಿ ನೂರಾರು ಹಾರೆಗಳ ಜೊತೆ ಹುಟ್ಟಿದೆ. ಪ್ರೀತಿಯಿಂದ ಎತ್ತಿ ನೋಡಿದವರು ಯಾರೂ ಇರಲಿಲ್ಲ. ಮೊದಲು ರಸ್ತೆ ಕೆಲಸದವರ ಕೈಯಲ್ಲಿದ್ದೆ. ಅವರು ಹೊರಡುವಾಗ ನನ್ನನ್ನು ಲಡಾಖಿನ ಒಂದು ಸಣ್ಣ ಸೈನಿಕ ಠಾಣೆಯಲ್ಲಿ ಬಿಟ್ಟು ಹೋದರು. ಅಲ್ಲಿ ಮೂವರಿದ್ದರು: ಹವಾಲ್ದಾರ್ ದುಂಡಪ್ಪ, ಸಿಪಾಯಿಗಳಾದ ಸತ್ತೆಪ್ಪ ಮತ್ತು ಭರಮಪ್ಪ. ಮೂವರೂ ಗೋಕಾಕ ಕಡೆಯವರು.

ಚಳಿಗಾಲಕ್ಕೆ ದಾರಿ ಮುಚ್ಚಿತು. ಅದೇ ಹೊತ್ತಿಗೆ ಭರಮಪ್ಪನಿಗೆ ಎದೆ ಕಟ್ಟಿ ಜ್ವರ ಬಂತು. ಅವನನ್ನು ಬೆಚ್ಚಗಿಡುವ ಒಲೆಗೆ ಸೀಮೆಎಣ್ಣೆ ಬೇಕು. ಇದ್ದದ್ದೇ ಸ್ವಲ್ಪ. ಸತ್ತೆಪ್ಪ ಅದನ್ನೇ ಸುಟ್ಟು, ಮಂಜುಗಡ್ಡೆ ಕರಗಿಸಿ ಕುಡಿಯುವ ನೀರು ಮಾಡುತ್ತಿದ್ದ. ಎದುರಿಗೇ ಮೇಲೆ ಹೆಪ್ಪುಗಟ್ಟಿದ ಕೆರೆಯಿತ್ತು, ಆದರೆ ಅವನ ತರ್ಕವೇ ಬೇರೆ.

"ಬಾವ್ಯಾಗ ಮುಳುಗಿದ್ರ ಗೊತ್ತಾಗೂದಿಲ್ಲೇನ್ರೀ ಸರ, ತಳದಾಗ ಥಂಡಿ ಹೆಚ್ಚು. ಹಂಗಾರ ತಳಾನ ಮೊದಲ ಬರ್ಫ ಆಗಿರ್ತೈತಿ. ಈಗ ಮ್ಯಾಲೂ ಆಗೇತಿ ಅಂದ್ರ ಒಳಗ ನೀರ ಎಲ್ಲೈತ್ರಿ?"

ಊರ ಬಾವಿಯಲ್ಲಿ ಈಜಿ ಬೆಳೆದವನಿಗೆ ಇನ್ನೇನು ಹೊಳೆದೀತು? ನನಗೂ ಸರಿಯೆನಿಸಿತು.

ದುಂಡಪ್ಪ ತಲೆ ಅಲ್ಲಾಡಿಸಿದ. "ಥಂಡಾದಂಗ ನೀರು ಭಾರ ಆಗಿ ಕೆಳಗ ಹೋಗ್ತೈತಿ, ಖರೆ. ಆದ್ರ ನಾಕ ಡಿಗ್ರಿ ತನಕ ಅಷ್ಟ. ಇನ್ನೂ ಥಂಡಾದ್ರ ಹಗುರ ಆಗಿ ಮ್ಯಾಲೇ ಉಳೀತೈತಿ, ಅಲ್ಲೇ ಬರ್ಫ ಆಗ್ತೈತಿ. ಬರ್ಫ ಇನ್ನೂ ಹಗುರ, ತೇಲ್ತೈತಿ. ಕೆಳಗಿನ ನೀರಿಗೆ ಅದ ಕಂಬಳಿ. ಹಾರಿ ತಗೋ, ತೂತ ಹೊಡಿ."

ಆ ಚಳಿಯಲ್ಲಿ ಬರಿಗೈಯಲ್ಲಿ ಮುಟ್ಟಿದರೆ ಚರ್ಮ ನನಗೇ ಅಂಟಿಬಿಡುತ್ತದೆ. ಸತ್ತೆಪ್ಪ ಹಳೆಯ ಉಣ್ಣೆಯ ಕಾಲುಚೀಲವೊಂದನ್ನು ನನಗೆ ಸುತ್ತಿ ಕುಟ್ಟತೊಡಗಿದ. ಮೊಣಕಾಲುದ್ದ ಇಳಿದ ಮೇಲೆ ಫಕ್ಕನೆ ನೀರು ಚಿಮ್ಮಿತು. ಅವನು ಖುಷಿಯಿಂದ ಕೂಗಿದ. ನಾನು ಅವನ ಕೈಯಿಂದ ಜಾರಿದೆ.

ತಳ ಸೇರಿದೆ. ಅಲ್ಲಿ ನೀರು ನೀರಾಗಿಯೇ ಇತ್ತು. ನನ್ನನ್ನು ಎತ್ತಲೆಂದು ಸತ್ತೆಪ್ಪ ತೋಳು ಇಳಿಸಲು ಬಂದ.

"ಬ್ಯಾಡೋ, ಕೈ ಕಳಕೋತಿ!" ಎಂದು ದುಂಡಪ್ಪ ಅವನನ್ನು ಹಿಂದಕ್ಕೆಳೆದ. ಹೇಳಿದ್ದು ನ್ಯಾಯವೇ, ಆದರೂ ನನಗೆ ಸಂಕಟವಾಯಿತು.

ಮರುದಿನದಿಂದ ನನ್ನ ಕೆಲಸ ಕೊಡಲಿಗೆ ಹೋಯಿತು. ಬಕೆಟ್ ಇಳಿಯುವಾಗ ತೂತಿನಲ್ಲಿ ಎರಡು ಮುಖ ಕಾಣುತ್ತಿದ್ದವು. ಒಮ್ಮೆ ಒಂದೇ ಕಂಡಿತು. ಭರಮಪ್ಪನಿಗೆ ಜ್ವರ ಹೆಚ್ಚಾಗಿ ಇನ್ನೊಬ್ಬ ಅವನ ಬಳಿ ಕೂತಿರಬೇಕೆಂದು ತುಂಬ ಹೆದರಿದೆ. ಹಲವು ದಿನಗಳ ಮೇಲೆ ಒಂದು ಮಧ್ಯಾಹ್ನ ಮೂರನೆಯ ಮುಖ ಬಗ್ಗಿತು. ಗಡ್ಡ ಬೆಳೆದಿತ್ತು, ಕೆನ್ನೆ ಇಳಿದಿತ್ತು. ಭರಮಪ್ಪ ಒಂದು ಮಗ್ ನೀರು ಗಟಗಟನೆ ಕುಡಿದ. ನನ್ನತ್ತ ನೋಡಲೇ ಇಲ್ಲ. ಬದುಕಿದನಲ್ಲ, ಸಾಕು.

ಬೇಸಿಗೆಯಲ್ಲಿ ಠಾಣೆ ಬೇರೆ ಕಡೆ ಹೋಯಿತು. ನಾನು ತುಕ್ಕು ಹಿಡಿಯುತ್ತಿದ್ದೇನೆ. ಪ್ರತಿ ಚಳಿಗಾಲದಲ್ಲೂ ಮೇಲೆ ಮಂಜುಗಡ್ಡೆ ಮುಚ್ಚಿಕೊಳ್ಳುತ್ತದೆ, ದಪ್ಪವಾಗುತ್ತದೆ, ನನ್ನವರೆಗೆ ಮಾತ್ರ ಬರುವುದಿಲ್ಲ. ಒಮ್ಮೆ ಬಂದರೆ ಚೆನ್ನಾಗಿತ್ತು, ಯಾರಾದರೂ ಎತ್ತಿಯಾರೆಂದು ಕಾಯುವುದಾದರೂ ತಪ್ಪುತ್ತಿತ್ತು.