ಗುಡ್ಡ ಇಳಿಯುವ ಬ್ರೇಕು

ಅಂಗಡಿಯ ಮುಂದಿನ ಓಣಿ ಅಂಗೈಯಷ್ಟು ಸಪಾಟು. ಸೈಕಲ್ ರಿಪೇರಿಯ ಅಣ್ಣ ಯಾವ ಬ್ರೇಕನ್ನಾದರೂ ಅಲ್ಲೇ ಓಡಿಸಿ ನೋಡುವುದು. ತಂಗಿ ಹೊಲಿಗೆಯವಳು; ಗುಡ್ಡದ ಮೇಲಿನ ಮನೆಗಳಿಂದ ಬಟ್ಟೆ ತರಬೇಕು. ಅವಳ ಸೈಕಲ್ಲಿಗೆ ಪುಟ್ಟ ಪೆಟ್ರೋಲ್ ಮೋಟಾರು ಕೂರಿಸಿಕೊಟ್ಟವನೂ ಅವನೇ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಚಕ್ರ ನಿಲ್ಲಬೇಕು. ಇದ್ದದ್ದು ಅದೊಂದೇ ಬ್ರೇಕು.

“ಇಳಿಜಾರಲ್ಲಿ ಇದು ಮಾತು ಕೇಳಲ್ಲ ಅಣ್ಣಾ. ಮುಂದೆ ಒಂದು ಕೈಬ್ರೇಕ್ ಹಾಕು,” ಎಂದಳು ಬೆಳಿಗ್ಗೆ.

“ಇದನ್ನೇ ಸರಿ ಮಾಡ್ತೀನಿ. ನಾನು ಮಾಡಿದ ಬ್ರೇಕಿಗೆ ಇನ್ನೊಂದು ಬ್ರೇಕ್ ಕಾವಲಾ?”

“ಆಯ್ತು ದೊರೆ. ಮೊದಲು ನಿನ್ನ ಬಾಯಿಗೊಂದು ಹಾಕ್ಕೋ.”

ಅವನು ಹಿಂದಿನ ಚಕ್ರದ ನಡುವೆ ಬ್ರೇಕು ಅಡಗಿದ್ದ ಹಬ್ ಬಿಚ್ಚಿದ. ಗಾಜಿನಂತೆ ನುಣುಪಾಗಿದ್ದ ಬ್ರೇಕ್ ಶೂಗಳನ್ನು ಉಪ್ಪುಕಾಗದದಿಂದ ಉಜ್ಜಿ, ಹಳೆಯ ಗ್ರೀಸ್ ಒರೆಸಿ, ಶಾಖ ತಡೆಯುವ ಹೊಸದನ್ನು ಹಚ್ಚಿದ. ಓಣಿಯಲ್ಲಿ ಓಡಿಸಿ ಹಿಂದಕ್ಕೆ ತುಳಿದ. ಟೈರು ಕಿರ್ರೆಂದು ನಿಂತಿತು. ತಂಗಿ ಬಟ್ಟೆ ತರಲು ಗುಡ್ಡಕ್ಕೆ ಹೊರಟುಹೋದಳು.

ಆಮೇಲೆ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಮಾಡಿದ ಕೆಲಸವನ್ನು ಮನಸ್ಸಿನಲ್ಲೇ ಮತ್ತೆ ಬಿಚ್ಚಿದ, ಜೋಡಿಸಿದ. ಎಲ್ಲ ಸರಿಯಿತ್ತು. ಆದರೆ ಓಣಿಯಲ್ಲಿ ಒಮ್ಮೆ ನಿಲ್ಲಿಸುವುದು ಬೇರೆ, ಹೇರು ಹೊತ್ತ ಸೈಕಲ್ಲನ್ನು ಗುಡ್ಡದುದ್ದಕ್ಕೂ ಹಿಡಿದಿಡುವುದು ಬೇರೆ. ಆ ಇಳಿಜಾರನ್ನು ತಾನು ಒಮ್ಮೆಯಾದರೂ ಇಳಿದಿದ್ದೇನೆಯೇ? ಬಾಗಿಲು ಎಳೆದುಕೊಂಡು ಗುಡ್ಡದ ಕಡೆ ಓಡಿದ.

ಗುಡ್ಡದ ಬುಡದಲ್ಲಿ, ಯಾರೋ ಮನೆ ಕಟ್ಟಲು ಸುರಿದ ಮರಳಿನ ರಾಶಿಯಲ್ಲಿ ಸೈಕಲ್ಲು ಮೂತಿ ಹುಗಿದು ನಿಂತಿತ್ತು. ಬಟ್ಟೆಯ ಗಂಟು ಅತ್ತ ಬಿದ್ದಿತ್ತು. ತಂಗಿ ಮೊಣಕೈ ತರಚಿಕೊಂಡು, ಸವೆದುಹೋದ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಕೂತಿದ್ದಳು.

“ಅರ್ಧದವರೆಗೆ ಚೆನ್ನಾಗೇ ಹಿಡೀತು. ಆಮೇಲೆ ಎಷ್ಟು ತುಳಿದ್ರೂ ಕಲ್ಲಿಗೆ ಹೇಳಿದ ಹಾಗೆ. ಕೊನೆಗೆ ಚಪ್ಪಲಿನೇ ಬ್ರೇಕಾಯ್ತು,” ಎಂದಳು. ನಗಲು ನೋಡಿದಳು, ಆಗಲಿಲ್ಲ.

ಅವನು ಹಬ್ ಮೇಲೆ ಬೆರಳಿಟ್ಟ. ಚುರ್ರೆಂದಿತು; ಇಳಿಜಾರಿನುದ್ದಕ್ಕೂ ಉಜ್ಜಿ ಕಾದ ಬ್ರೇಕು ಹಿಡಿತ ಬಿಟ್ಟಿತ್ತು.

“ಸುಟ್ಟಿತಾ?”

“ಸುಡಲಿ.”

ಸೈಕಲ್ಲನ್ನು ಅಂಗಡಿಗೆ ತಂದು, ಮುಂದಿನ ಚಕ್ರಕ್ಕೆ ಕೈಬ್ರೇಕು ಕೂರಿಸಿದ. ಕೇಬಲ್ಲನ್ನು ಮೂರು ಸಲ ಎಳೆದು ನೋಡಿದ. ತಂಗಿ ಸೈಕಲ್ಲಿಗೆ ಕೈ ಚಾಚಿದಳು.

“ಈಗಲ್ಲ. ಮೊದಲು ನಾನು ಇಳೀತೀನಿ.”

ಅವಳ ಗಂಟನ್ನೇ ಹಿಂದೆ ಕಟ್ಟಿಕೊಂಡು ಸೈಕಲ್ಲನ್ನು ಗುಡ್ಡದ ಮೇಲಕ್ಕೆ ತಳ್ಳಿದ. ಅವಳೂ ಒಂದೇ ಚಪ್ಪಲಿಯಲ್ಲಿ ಕುಂಟುತ್ತ ಜೊತೆಗೆ ಹತ್ತಿದಳು. ಮೇಲಿನಿಂದ ನೋಡಿದರೆ ರಸ್ತೆ ಬಾವಿಗೆ ಇಳಿಬಿಟ್ಟ ಹಗ್ಗದಂತಿತ್ತು. ಇಲ್ಲಿಂದ ಅವಳು ದಿನಾ ಇಳಿಯುತ್ತಿದ್ದಳು. ಅವನು ಹ್ಯಾಂಡಲನ್ನು ಇನ್ನೂ ಬಿಗಿಯಾಗಿ ಹಿಡಿದ.

“ಹೆದರಿಕೆ ಆಗ್ತಿದೆಯಾ?”

“ಹೂಂ.”

“ಹಾಗಾದ್ರೆ ಮೆಲ್ಲಗೆ ಹೋಗು. ಎರಡನ್ನೂ ಹಿಡಿ.”

ಅವನು ಸೀಟಿನ ಮೇಲೆ ಕೂತ. ಸುಟ್ಟ ಬೆರಳನ್ನು ಹೊಸ ಬ್ರೇಕಿನ ಹಿಡಿಯ ಮೇಲೆ ಮಡಿಸಿ, ನೆಲದಿಂದ ಕಾಲೆತ್ತಿದ.