ಹಿಮ ಕಂಡ ಸೈಕಲ್ ಟ್ಯೂಬು

ನಾನು ಒಂದು ಸೈಕಲ್ ಟ್ಯೂಬು. ಕಾರ್ಖಾನೆಯ ಬಿಸಿ ಅಚ್ಚಿನಿಂದ ಹೊರಬಂದು, ಮೈತುಂಬ ಬಿಳಿ ಪುಡಿ ಬಳಿಸಿಕೊಂಡು ಲೋಕ ಕಂಡೆ. ನನ್ನ ಬಂಧುಗಳೆಲ್ಲ ಟಯರಿನ ಕತ್ತಲಲ್ಲೇ ಆಯುಷ್ಯ ಕಳೆದರು. ಹಿಮ ನೋಡಿದ್ದು ನಾನೊಬ್ಬನೇ ಇರಬೇಕು. ಅದಕ್ಕೇ ಸ್ವಲ್ಪ ಜಂಬ, ಸಹಿಸಿಕೊಳ್ಳಿ.

ಧಾರವಾಡದಲ್ಲಿ ಖಾರಿ, ಬ್ರೆಡ್ಡು ಮಾರುತ್ತಿದ್ದ ದಾವಲಸಾಬರ ಸೈಕಲ್ಲಿನ ಹಿಂದಿನ ಗಾಲಿಯಲ್ಲಿ ನಾಲ್ಕು ವರ್ಷ ದುಡಿದೆ. ಅವರು ದಪ್ಪ ಮನುಷ್ಯರು, ಆದರೂ ಗುಂಡಿ ಕಂಡಲ್ಲಿ ಇಳಿದು ತಳ್ಳುತ್ತಿದ್ದರು. ಆ ಉಪಕಾರ ಮರೆತಿಲ್ಲ. ಎಂಟನೇ ಪಂಕ್ಚರಿಗೆ ಅಂಗಡಿಯವನು ಕೈಚೆಲ್ಲಿ ನನ್ನನ್ನು ಮೂಲೆಗೆ ಎಸೆದ. ಅಲ್ಲಿಂದ ನನ್ನನ್ನು ಆರಿಸಿ ಒಯ್ದವರು ಇಂದುಮತಿ ಟೀಚರು, ಹುಡುಗಿಯರ ಹೈಸ್ಕೂಲಿನಲ್ಲಿ ಆಟ ಕಲಿಸುವವರು. ವಾಲ್ವು ಕತ್ತರಿಸಿ, ಸೋಪು ಹಚ್ಚಿ ತೊಳೆದು ಉದ್ದ ಪಟ್ಟಿ ಮಾಡಿದರು. ನನ್ನನ್ನು ಪಾದಕ್ಕೆ ಸಿಕ್ಕಿಸಿ ಎಳೆದರೆ ಬಿಗಿದ ಕಾಲು ಸಡಿಲಾಗುತ್ತದೆ.

ಟೀಚರ ಬಲ ಮೊಣಕಾಲು ಹಳೇ ನೋವಿನದು. ಇಪ್ಪತ್ತೆರಡರ ವಯಸ್ಸಿನಲ್ಲಿ ರಾಜ್ಯ ಖೋಖೋ ತಂಡಕ್ಕೆ ಆಯ್ಕೆ ನಡೆದಾಗ ಬಸ್ಸು ತಡವಾಗಿತ್ತು. ತರಬೇತುದಾರರು ಬಸ್ಸಿಳಿದವರನ್ನು ಹಾಗೇ ಅಂಗಳಕ್ಕೆ ನೂಕಿದರು. ಮೈ ಬಿಸಿಯಾಗುವ ಮೊದಲೇ ಓಡಿದ ಟೀಚರು ಮೊಣಕಾಲು ತಿರುಚಿ ಬಿದ್ದರು, ಮತ್ತೆ ಪಂದ್ಯ ಆಡಲಿಲ್ಲ.

ನಲವತ್ತಾರಕ್ಕೆ ಅವರು ಉತ್ತರಾಖಂಡದ ಬೆಟ್ಟಕ್ಕೆ ಸ್ಕೀಯಿಂಗ್ ಕಲಿಯಲು ಹೊರಟಾಗ ಮನೆಯವರೆಲ್ಲ ಬೇಡ ಅಂದರು. ಈ ಸಲ ಮೊಣಕಾಲು ಕೆಟ್ಟರೆ ಆಟದ ಟೀಚರ ಕೆಲಸವೂ ಮುಗಿಯಿತೆಂದು ಡಾಕ್ಟರು ಹೆದರಿಸಿದ್ದರು. ಶಿಬಿರದಲ್ಲಿ ಉಳಿದವರ ಬಳಿ ಬಣ್ಣಬಣ್ಣದ ರಬ್ಬರ್ ಪಟ್ಟಿಗಳಿದ್ದವು. ನನ್ನನ್ನು ಕಂಡು ಮುಸಿಮುಸಿ ನಕ್ಕರು. ಟೀಚರು ಕ್ಯಾರೇ ಅನ್ನಲಿಲ್ಲ.

ಕಡೆಯ ದಿನ ಪರೀಕ್ಷೆ. ಒಬ್ಬೊಬ್ಬರಾಗಿ ಹಿಮದ ಮೇಲೆ ಜಾರಿ ಕೆಳಗೆ ನೆಟ್ಟ ಬಾವುಟ ಮುಟ್ಟಬೇಕು. ಬೆಳಿಗ್ಗೆ ಎಲ್ಲರೂ ಕುಣಿದು, ಬಾಗಿ, ಕಾಲು ಚಾಚಿ ತಯಾರಾದರು. ಅಷ್ಟರಲ್ಲಿ ಮೋಡ ಇಳಿಯಿತು. ಎರಡು ತಾಸು ತಗಡಿನ ಗುಡಿಸಲಲ್ಲಿ ಒಲೆ ಸುತ್ತ ಕೂತೆವು. ಅಂಗೈ ಬೆಚ್ಚಗಾದದ್ದನ್ನೇ ಎಲ್ಲರೂ ಮೈ ಬಿಸಿಯಾಯಿತು ಎಂದುಕೊಂಡರು. ಬಾನು ತಿಳಿಯಾದದ್ದೇ ತಡ, ಸ್ಕೀಯಿಂಗ್ ಕಲಿಸುವ ಶಿಕ್ಷಕ ಹೊರಗಿಂದ ಕೂಗಿದ. ಮೊದಲ ಹೆಸರೇ ಇಂದುಮತಿ. ಟೀಚರು ಎದ್ದು ಒಂದು ಹೆಜ್ಜೆ ಇಟ್ಟರು. ಮೊಣಕಾಲು ಚುರ್ರೆಂದಿತು.

ಮುರುಕು ಹಿಂದಿಯಲ್ಲಿ ತಮ್ಮ ಹೆಸರು ಕಡೆಗೆ ಹಾಕಲು ಕೇಳಿಕೊಂಡರು. ಮತ್ತೆ ಮೋಡ ಬಂದರೆ ಸರದಿಯೇ ಸಿಗದು, ನಾಳೆ ಎಲ್ಲರೂ ಬೆಟ್ಟ ಇಳಿಯಬೇಕು ಎಂದು ಅವನು ಗದರಿದ. ಹೋದರೆ ಹೋಗಲಿ ಎಂದು ಟೀಚರು ಬದಿಗೆ ಸರಿದರು.

ನನ್ನ ಜೀವ ಬಾಯಿಗೆ ಬಂದಿತ್ತು. ಚಳಿಗೆ ರಬ್ಬರು ಮರಗಟ್ಟುತ್ತದೆ. ಆಗ ಎಳೆದರೆ ನನ್ನ ಏಳು ತೇಪೆಗಳಲ್ಲಿ ಒಂದಾದರೂ ಬಿಡುತ್ತಿತ್ತು. ಟೀಚರು ಎಳೆಯಲಿಲ್ಲ. ಸ್ವೆಟರಿನೊಳಗೆ ಹೊಟ್ಟೆಯ ಮೇಲೆ ನನ್ನನ್ನು ಸಿಕ್ಕಿಸಿಕೊಂಡು, ನಿಂತಲ್ಲೇ ಕಾಲು ಎತ್ತಿ ಎತ್ತಿ ಇಡತೊಡಗಿದರು.

"ನೀನೂ ಬಿಸಿ ಆಗು. ನಿನಗ ಅವಸರ ಮಾಡಂಗಿಲ್ಲ ನಾ," ಅಂದರು.

ಹಣೆಯ ಮೇಲೆ ಬೆವರೊಡೆದ ಮೇಲೆಯೇ ನನ್ನನ್ನು ಹೊರತೆಗೆದು ಬೂಟಿಗೆ ಸಿಕ್ಕಿಸಿದರು. ಎಳೆದಷ್ಟೂ ಹಿಗ್ಗಿದೆ. ಅಷ್ಟು ಸಂತೋಷದಿಂದ ನಾನು ಎಂದೂ ಹಿಗ್ಗಿರಲಿಲ್ಲ.

ಅವರ ಸರದಿ ಬರುವಾಗ ಮೋಡ ಅರ್ಧ ಬೆಟ್ಟ ನುಂಗಿತ್ತು. ನನ್ನನ್ನು ಸೊಂಟಕ್ಕೆ ಕಟ್ಟಿಕೊಂಡು ಜಾರಿದರು. ನಡುದಾರಿಯಲ್ಲಿ ಬಲಗಾಲು ಒಂದು ಕಡೆ, ಮೈ ಒಂದು ಕಡೆಯಾಗಿ ಬಿದ್ದರು. ಬಿದ್ದಲ್ಲೇ ಮೆಲ್ಲಗೆ ಮೊಣಕಾಲು ಮಡಚಿದರು, ಚಾಚಿದರು. ಅದಕ್ಕೆ ಏನೂ ಆಗಿರಲಿಲ್ಲ. ಎದ್ದು, ಬಾವುಟದವರೆಗೂ ಇಳಿದರು.

ಕೆಳಗೆ ಹಿಮದಲ್ಲಿ ಕೂತು ಮೊಣಕಾಲು ಸವರುತ್ತ ಅತ್ತರು. "ಅವತ್ತು ಬಸ್ಸಿಳಿದಾಗ ನಾ 'ಸ್ವಲ್ಪ ತಡೀರಿ' ಅನ್ನಬೇಕಿತ್ತು. ಯಾಕ ಅನ್ನಲಿಲ್ಲ?"

ಈಗ ನಾನು ಶಾಲೆಯ ಆಟದ ಕೋಣೆಯಲ್ಲಿ, ಕಿಟಕಿ ಪಕ್ಕದ ಮೊಳೆಗೆ ನೇತುಬಿದ್ದಿದ್ದೇನೆ. ಮೈಯೆಲ್ಲ ಬಿರುಕು, ಯಾರೂ ಎಳೆಯುವುದಿಲ್ಲ. ನನ್ನಂಥ ಹರಕು ಟ್ಯೂಬಿಗೂ ಚಳಿಯಿದೆ ಎಂದು ತಿಳಿದವರ ಕೈಗೆ ಸಿಕ್ಕೆನಲ್ಲ, ಅಷ್ಟು ಸಾಕು. ಹೋದ ವಾರ ಮೈದಾನದಲ್ಲಿ ಪಂದ್ಯವಿತ್ತು. ಮುಖ್ಯ ಅತಿಥಿಗಳು ಬಂದುಬಿಟ್ಟರು, ಈಗಲೇ ಶುರು ಮಾಡಿ ಎಂದು ಹೆಡ್‌ಮಾಸ್ತರರ ಗಡಿಬಿಡಿ. ಟೀಚರು ಬಾಯಿ ತೆರೆಯುವ ಮೊದಲೇ ತಂಡದ ನಾಯಕಿ ಮುಂದೆ ಬಂದಳು.

"ತಡೀರಿ ಸರ್. ನಮ್ಮ ಮೈ ಇನ್ನೂ ಬಿಸಿ ಆಗಿಲ್ಲ."

ಅತಿಥಿಗಳು ಹಾರ ಹಾಕಿಕೊಂಡು ಕುರ್ಚಿಯಲ್ಲಿ ಕಾದರು.